ಬೆಳ್ಳಗೆ ಕಂಡದ್ದು

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು ಬಾಯ್ಲರು. ಅದು ಗುಡುಗುಡು ಸದ್ದು ಮಾಡಿದ ಕೂಡಲೇ ಯಜಮಾನಿ ಏಳುತ್ತಿದ್ದಳು. ಮುಂದಿನ ಕೋಣೆ ಲಾಂಡ್ರಿಯ ಕೌಂಟರು, ಅದರ ಹಿಂದೆ ಒಗೆಯುವ ಯಂತ್ರಗಳು, ಆಮೇಲೆ ಇಸ್ತ್ರಿಯ ಮೇಜು. ಇದನ್ನೆಲ್ಲ ದಾಟಿದ ಮೇಲೆ ಉಳಿದ ಜಾಗದಲ್ಲಿ ಸಂಸಾರ. ಹಾಸಿಗೆಗೂ ಸೋಪಿನ ವಾಸನೆ, ಸಾರಿಗೂ ಸೋಪಿನ ವಾಸನೆ. ಲಾಡ್ಜುಗಳಿಂದ, ನರ್ಸಿಂಗ್ ಹೋಮುಗಳಿಂದ ಹೊದಿಕೆ, ಹಾಸುಗಳ ಗಂಟುಗಳು ಬೆಳಗಾಗುತ್ತಲೇ ಬಾಗಿಲಿಗೆ ಬಂದು ಬೀಳುತ್ತಿದ್ದವು. ಒಣಗಿದಾಗ ಹಗುರಾಗಿರುವ ಹಾಸು ನೀರು ಕುಡಿದು ಯಂತ್ರದಿಂದ ಹೊರಬರುವಾಗ ಹೆಣಭಾರ. ಅದನ್ನು ಎಳೆದು, ಬುಟ್ಟಿಗೆ ತುಂಬಿ, ಮಹಡಿಗೆ ಹೊತ್ತು ಹರವುವುದು ಮಗನ ಕೆಲಸ.

ಮಗನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನು ‘ದೊರೆ’. ಮೀಸೆ ಬಲಿತ ಮೇಲೆ ಅವನಿಗೆ ಬೆಳಿಗ್ಗೆ ಏಳುವುದೇ ಕಷ್ಟವಾಗತೊಡಗಿದಾಗ ತಾಯಿ ಇಟ್ಟ ಹೆಸರು ಅದು.

“ದೊರೆಗಳ ಸವಾರಿ ಎದ್ದಿತೋ, ಇಲ್ಲ ಇನ್ನೂ ಪಲ್ಲಕ್ಕಿ ಬರಬೇಕೋ?” ಎಂದು ಯಜಮಾನಿ ಬಕೆಟ್ಟು ಕುಕ್ಕುತ್ತಿದ್ದಳು.

ದೊರೆ ಹಾಸಿಗೆಯ ಅಂಚಿಗೆ ಹೊರಳಿ, ಗೋಡೆ ಹಿಡಿದು, ಸೊಂಟವನ್ನು ಯಾರದೋ ಸೊತ್ತಿನ ಹಾಗೆ ಜೋಪಾನವಾಗಿ ಎತ್ತಿಕೊಂಡು ನಿಲ್ಲುತ್ತಿದ್ದ. ಚಿಕ್ಕ ಹೆಜ್ಜೆ ಇಡುತ್ತ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಮನುಷ್ಯ ಸಲೀಸಾಗಿ ಓಡಾಡುತ್ತಿದ್ದ. ಇದೇ ಅವನಿಗೆ ಮುಳುವಾಯಿತು. ಕೆಲಸ ಮುಗಿಯುತ್ತ ಬಂದಾಗ ಗುಣವಾಗುವ ಬೆನ್ನುನೋವನ್ನು ಯಾರು ನಂಬುತ್ತಾರೆ? ಎಕ್ಸ್‌ರೇ ಒಂದನ್ನು ತೆಗೆಸಿದ್ದೂ ಆಯಿತು. ಅದರಲ್ಲಿ ಏನೂ ಕಾಣಲಿಲ್ಲ. ಅಂದಿನಿಂದ ಯಜಮಾನಿಯ ಬಾಯಿಗೆ ಬೀಗವೇ ಇರಲಿಲ್ಲ.

ಅವನ ತಂದೆಯದು ಬೇರೆಯೇ ಕಥೆ. ಮುದುಕ ಜೀವಮಾನವೆಲ್ಲ ಇಸ್ತ್ರಿ ಮಾಡಿದವನು. ಬೆನ್ನು ಬಾಗಿ ಬಾಗಿ, ಕೊನೆಗೆ ಬಾಗಿದ ಹಾಗೆಯೇ ನಿಂತುಹೋಗಿತ್ತು. ಬೀದಿಯ ಮಕ್ಕಳು ಅವನಿಗೆ ‘ಕೊಡೆಹಿಡಿ’ ಎನ್ನುತ್ತಿದ್ದರು. ಯಾರಾದರೂ ಕರೆದರೆ ಕತ್ತು ತಿರುಗಿಸಲಾರದೆ ಇಡೀ ಮೈಯನ್ನು ತಿರುಗಿಸುತ್ತಿದ್ದ. “ಮೇಜಿನ ಮೇಲೆ ಬಿದ್ದುಕೊಂಡೇ ಇಸ್ತ್ರಿ ಮಾಡಿದ್ರೆ ಇನ್ನೇನಾಗುತ್ತೆ? ನೆಟ್ಟಗೆ ನಿಲ್ಲೋಕೂ ಸೋಮಾರಿತನ” ಎಂದು ಹೆಂಡತಿ ಮದುವೆಯಾದ ಹೊಸದರಿಂದ ಹೇಳಿಕೊಂಡು ಬಂದಿದ್ದಳು. ಈಗ ಅವನು ಗುಂಡಿ ಹೊಲಿಯುತ್ತ, ದಿಂಬಿನ ಚೀಲ ಮಡಚುತ್ತ ಕೂತಿರುತ್ತಿದ್ದ.

ದೊರೆಯನ್ನು ಮೊದಲು ನಂಬಿದವಳು ಸೊಸೆ. ಮದುವೆಗೆ ಮುಂಚೆ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಕೌಂಟರು ಅವಳ ಪಾಲಿಗೆ ಬಂದಿತ್ತು. ಅವಳು ಒಂದು ದಿನ ಊಟಕ್ಕೆ ಕೂತಾಗ ಅತ್ತೆಗೆ ನೇರವಾಗಿಯೇ ಹೇಳಿದಳು.

“ಅತ್ತೆ, ಸೋಮಾರಿ ಆಗಿದ್ರೆ ಕೆಲಸ ಮಾಡಿದಷ್ಟೂ ನೋವು ಜಾಸ್ತಿ ಅನ್ಬೇಕಿತ್ತು. ಇವರಿಗೆ ಮಲಗಿದಷ್ಟೂ ಜಾಸ್ತಿ. ಇದು ಸೋಮಾರಿತನ ಅಲ್ಲ, ಇನ್ನೇನೋ ಇದೆ.”

“ಗಂಡನ ಪರ ವಕಾಲತ್ತು ಚೆನ್ನಾಗಿ ಮಾಡ್ತೀಯ. ಬುಟ್ಟಿ ಹೊರೋಕೂ ಅಷ್ಟೇ ಚೆನ್ನಾಗಿ ಬಾ.”

“ಬರ್ತೀನಿ. ಮೊದಲು ಇವರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ತೀನಿ.”

ಕೀಲುವಾತದ ಡಾಕ್ಟರು ಸಣ್ಣಗಿನ, ಮಾತು ಕಡಿಮೆ ಆಡುವ ಹೆಂಗಸು. ಅವಳು ಎಲ್ಲ ಕೇಳಿ, ಎಂಆರ್‌ಐ ಸ್ಕ್ಯಾನು ಮಾಡಿಸಿದಳು. ಸುರಂಗದಂಥ ಆ ಯಂತ್ರದೊಳಗೆ ಅಂಗಾತ ಮಲಗಿರುವುದೇ ದೊರೆಗೆ ಹಿಂಸೆಯಾಯಿತು. ತಲೆಯ ಸುತ್ತ ಯಾರೋ ತಗಡು ಬಡಿದ ಹಾಗೆ ಸದ್ದು. ಹೊರಗೆ ಬಂದವನು ಬೆವರಿನಲ್ಲಿ ತೊಯ್ದಿದ್ದ.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಇವರ ಕಡೆಗೆ ತಿರುಗಿಸಿದಳು. ಬೂದು ಬಣ್ಣದ ಮೂಳೆಗಳ ನಡುವೆ, ಸೊಂಟದ ಕೀಲಿನ ಎರಡೂ ಬದಿಗೆ, ಬೆನ್ನುಮೂಳೆಯ ಮೂಲೆಗಳಲ್ಲಿ ಸುಣ್ಣ ಎರಚಿದಂಥ ಬಿಳುಪು.

“ಈ ಬಿಳೀದು ಉರಿಯೂತ. ಮೂಳೆಯೊಳಗೆ ಸಣ್ಣ ಬೆಂಕಿ ಇದ್ದ ಹಾಗೆ. ಎಕ್ಸ್‌ರೇಯಲ್ಲಿ ಇದು ಕಾಣೋದು ವರ್ಷಗಟ್ಟಲೆ ತಡವಾಗಿ. ಹೀಗೇ ಬಿಟ್ರೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ತವೆ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಬೆನ್ನು ಬಾಗಿದೆಯಾ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮುಂದಿನ ಸಲ ಮುದುಕನನ್ನೂ ಕರೆದುಕೊಂಡು ಹೋದರು. ಯಜಮಾನಿಯೂ ಅಂಗಡಿಗೆ ಬೀಗ ಹಾಕಿ ಬಂದಳು. ಮುದುಕನಿಗೆ ಸ್ಕ್ಯಾನು ಬೇಕಾಗಲಿಲ್ಲ, ಎಕ್ಸ್‌ರೇಯೇ ಸಾಕಾಯಿತು. ಬೆನ್ನೆಲುಬು ಪೂರ್ತಿ ಒಂದೇ ಕೋಲಾಗಿ ಕೂಡಿಕೊಂಡಿತ್ತು.

“ಇವರಲ್ಲಿ ಬೆಂಕಿ ಉರಿದು ಮುಗಿದಿದೆ. ಹಿಂದೆ ವಿಪರೀತ ನೋವು ಪಟ್ಟಿರ್ತಾರೆ. ಈಗ ನೆಟ್ಟಗೆ ಮಾಡೋಕೆ ನನ್ನ ಹತ್ರ ಏನೂ ಇಲ್ಲ” ಎಂದಳು ಡಾಕ್ಟರು.

ಬಸ್ಸಿನಿಂದ ಇಳಿಯುವಾಗ ಯಜಮಾನಿ ಗಂಡನನ್ನು ಕೇಳಿದಳು:

“ಅಷ್ಟೊಂದು ನೋವಿತ್ತು ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ” ಎಂದ ಮುದುಕ.

ಅಷ್ಟೇ. ಅವಳು ಮುಂದೆ ನಡೆದಳು. ಆದರೆ ಗಂಡನಿಗೆ ಮಾಡಿದ ತಪ್ಪಿನ ದಂಡವನ್ನು ಮಗನಿಗೆ ಕಟ್ಟತೊಡಗಿದಳು. ಅಂದಿನಿಂದ ದೊರೆಗೆ ಮೊದಲ ಚಹಾ, ಹಬೆಯಾಡುವ ಅನ್ನ, ಬೇಯಿಸಿದ ಮೊಟ್ಟೆ. “ನೀನು ಬಗ್ಗಬೇಡ, ಬೆಂಕಿ ಇದೆ ಒಳಗೆ” ಎಂದು ಕೈಯಿಂದ ಬುಟ್ಟಿ ಕಿತ್ತುಕೊಳ್ಳುವಳು. ಕೌಂಟರಿಗೆ ಬಂದ ಗಿರಾಕಿಗಳಿಗೂ ಕೇಳಿಸುವ ಹಾಗೆ, “ನಮ್ಮ ಅಂಗಡೀಲಿ ಬೆಳ್ಳಗಾದ್ರೆ ಸಂತೋಷ, ನನ್ನ ಮಗನ ಮೂಳೇಲಿ ಬೆಳ್ಳಗಾದ್ರೆ ಕಾಯಿಲೆ ನೋಡಿ” ಎನ್ನುವಳು. ದೊರೆಯ ತಂಗಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ನಾಲಿಗೆ ಚುರುಕು. ಅವಳೂ ತೆಪ್ಪಗಾಗಿ ಅಣ್ಣನಿಗೆ ಮೆತ್ತನೆಯ ಚಪ್ಪಲಿ ತಂದುಕೊಟ್ಟಳು.

ಅವನ ಕೈಯಿಂದ ತಪ್ಪಿದ ಬುಟ್ಟಿ ನೆಲಕ್ಕೆ ಬೀಳಲಿಲ್ಲ, ಸೊಸೆಯ ಸೊಂಟಕ್ಕೆ ಬಂತು. ಯಜಮಾನಿ ಕೌಂಟರಿಗೆ ಬಂದಳು, ಸೊಸೆ ಯಂತ್ರದ ಮುಂದೆ ನಿಂತಳು. ಒದ್ದೆ ಹಾಸು ಎಳೆದು ಎಳೆದು ಅವಳ ಮಣಿಕಟ್ಟು ಊದಿಕೊಂಡಿತು. ಬಟ್ಟೆಯ ಪಟ್ಟಿ ಸುತ್ತಿಕೊಂಡು ಎಳೆಯುತ್ತಿದ್ದಳು. ಅವಳು ದೂರಲಿಲ್ಲ. ಗುಣವಾಗುವವರೆಗೆ ತಾನೆ!

ಔಷಧಿ ಸೂಜಿಮದ್ದಾಗಿತ್ತು. ಪೆನ್ನಿನ ಆಕಾರದ ಸಿರಿಂಜು, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟು, ಎರಡು ವಾರಕ್ಕೊಮ್ಮೆ ತೊಡೆಗೆ ಚುಚ್ಚಬೇಕು. ಆಸ್ಪತ್ರೆಯವರು ಅದನ್ನು ಒಂದು ಯೋಜನೆಯಡಿ ಪುಕ್ಕಟೆ ಕೊಡುತ್ತಿದ್ದರು. ಔಷಧಿ ಹಿಡಿಯುತ್ತಿದೆ ಎಂದು ಸ್ಕ್ಯಾನಿನಲ್ಲಿ ಕಂಡರಷ್ಟೇ ಮುಂದುವರಿಕೆ. ಮೊದಲ ಸಲ ಚುಚ್ಚುವಾಗ ಸೊಸೆ ಪೆನ್ನನ್ನು ತೊಡೆಯ ಹತ್ತಿರ ತಂದು ತಂದು ಹಿಂದಕ್ಕೆಳೆದಳು.

“ಹೆದರಬೇಡ ಕಣೇ, ನೀನು ಚುಚ್ಚಿದ್ರೆ ಇರುವೆ ಕಚ್ಚಿದ ಹಾಗೂ ಆಗಲ್ಲ” ಎಂದು ದೊರೆ ನಕ್ಕ. ಆ ದಿನಗಳಲ್ಲಿ ಅವರಿಬ್ಬರೂ ನಗುತ್ತಿದ್ದರು.

ಕೆಲವು ತಿಂಗಳು ಕಳೆದು ಎರಡನೆಯ ಸ್ಕ್ಯಾನು ಆಯಿತು. ಯಜಮಾನಿಯೂ ಬಂದಿದ್ದಳು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಬಿಳುಪು ಮಾಯವಾಗಿತ್ತು. ಮೂಳೆಯೆಲ್ಲ ಒಂದೇ ಸಮನೆ ಬೂದು.

“ಬೆಂಕಿ ಆರಿದೆ. ಔಷಧಿ ಚೆನ್ನಾಗಿ ಹಿಡಿದಿದೆ.”

“ಆದ್ರೆ ನನಗಿನ್ನೂ ನೋವಿದೆ ಡಾಕ್ಟ್ರೇ. ಮುಂಚಿನಷ್ಟಿಲ್ಲ, ಆದ್ರೂ ಇದೆ” ಎಂದ ದೊರೆ.

“ಇರಬಹುದು. ಈ ಚಿತ್ರ ಉರಿಯೂತ ತೋರಿಸುತ್ತೆ, ನೋವನ್ನ ತೋರಿಸಲ್ಲ. ಇಷ್ಟು ವರ್ಷದ ಗಾಯ, ಸೋತ ಸ್ನಾಯು, ಅದಕ್ಕೆಲ್ಲ ಸಮಯ ಬೇಕು. ದಿನಾ ವ್ಯಾಯಾಮ ಮಾಡಿ, ಸೂಜಿ ಮಾತ್ರ ಒಂದೂ ತಪ್ಪಿಸಬೇಡಿ.”

ಡಾಕ್ಟರು ಹೇಳಿದ್ದು ಇಷ್ಟು. ಯಜಮಾನಿ ಮನೆಗೆ ಹೊತ್ತು ತಂದದ್ದು ಎರಡೇ ಪದ: “ಬೆಂಕಿ ಆರಿದೆಯಂತೆ.” ಅದನ್ನು ಗಂಡನಿಗೆ ಹೇಳಿದಳು, ಮಗಳಿಗೆ ಹೇಳಿದಳು, ಹಾಸು ತರುವ ವ್ಯಾನಿನವನಿಗೂ ಹೇಳಿದಳು. ಮರುದಿನ ಬೆಳಿಗ್ಗೆ ಮೊಟ್ಟೆ ಬರಲಿಲ್ಲ. ಬಕೆಟ್ಟು ಕುಕ್ಕುವ ಸದ್ದು ಬಂತು.

“ಏಳಪ್ಪಾ ದೊರೆ, ನಿನ್ನ ಮೂಳೆ ಈಗ ನನ್ನದಕ್ಕಿಂತ ಚೆನ್ನಾಗಿದೆ.”

ದೊರೆ ಎದ್ದ. ಎರಡು ಬುಟ್ಟಿ ಹೊತ್ತ. ಮೂರನೆಯದರ ಹೊತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟ. ತಂಗಿ ಕೆಲಸಕ್ಕೆ ಹೊರಟವಳು ಅವನನ್ನು ದಾಟಿಕೊಂಡು ಹೋಗುತ್ತ, “ಅಣ್ಣಾ, ಚಿತ್ರದಲ್ಲಿ ಪಾಸಾಗಿದ್ದೀಯ, ಪ್ರಾಕ್ಟಿಕಲ್ಸ್‌ನಲ್ಲಿ ಯಾಕೆ ಫೇಲು?” ಎಂದಳು.

ತಾಯಿ, ತಂಗಿಯರ ಮಾತನ್ನು ಅವನು ಜೀವಮಾನವೆಲ್ಲ ಕೇಳಿದ್ದ. ಅದು ಒಳಗೆ ಇಳಿಯುತ್ತಿರಲಿಲ್ಲ. ಇಳಿದದ್ದು ಹೆಂಡತಿಯ ಮಾತು. ಅಂದು ಮಧ್ಯಾಹ್ನ ಅವಳು ರೊಟ್ಟಿ ಮುರಿಯಲಾರದೆ ಎಡಗೈಯಲ್ಲಿ ತಿನ್ನುತ್ತಿದ್ದಳು. ದೊರೆ, “ಇವತ್ತು ಸಂಜೆಯ ಹಾಸು ನೀನೇ ತೆಗೆದುಬಿಡು, ನನಗೆ ಆಗ್ತಾ ಇಲ್ಲ” ಎಂದ.

ಅವಳು ತುತ್ತನ್ನು ತಟ್ಟೆಯಲ್ಲಿಟ್ಟಳು.

“ಇನ್ನೂ ಎಷ್ಟು ದಿನ ರೀ?”

“ನೋವಿದೆ ಅಂದ್ನಲ್ಲ.”

“ಇದೆ ಅಂದ್ರೆ ನಂಬ್ತೀನಿ. ಮೊದಲಿಂದ್ಲೂ ನಂಬಿದ್ದು ನಾನೇ. ಆದ್ರೆ ಆ ಡಾಕ್ಟರು ಆರಿದೆ ಅಂದಾಗ ನನಗೆ ಏನನ್ನಿಸ್ತು ಗೊತ್ತಾ? ಸದ್ಯ, ಇನ್ನು ನಾನು ಕೂತ್ಕೋಬಹುದು ಅನ್ನಿಸ್ತು. ನಿಮ್ಮ ಬೆನ್ನಿಗೆ ಎರಡು ಸಲ ಫೋಟೋ ತೆಗೆದಾಯ್ತು. ನನ್ನ ಕೈಗೆ ಯಾರು ತೆಗೀತಾರೆ?”

“ಅಂದ್ರೆ ನೀನೂ ಅವರ ಜೊತೆ ಸೇರ್ಕೊಂಡೆ.”

“ಯಾರ ಜೊತೇನೂ ಸೇರಿಲ್ಲ. ಸುಸ್ತಾಗಿದೆ ನನಗೆ.”

“ಚಿತ್ರ ನೋಡಿದ ಮೇಲೆ ನಿನ್ನ ಕಣ್ಣೇ ಬೇರೆ ಆಗಿದೆ. ನನ್ನ ನೋಡೋ ರೀತೀನೇ ಬೇರೆ ಆಗಿದೆ.”

ಅವಳು ತಟ್ಟೆ ಎತ್ತಿಕೊಂಡು ಹೋದಳು. ಆ ವಾರ ಸೂಜಿಯ ದಿನ ಬಂದಾಗ ಅವಳು ಹತ್ತಿ, ಪೆನ್ನು ಹಿಡಿದು ಬಂದರೆ ದೊರೆ ಕೈಯಿಂದ ಕಿತ್ತುಕೊಂಡ. “ನಾನೇ ಹಾಕ್ಕೋತೀನಿ. ನಿನಗೆ ಸುಸ್ತು” ಎಂದ. ಅವಳು ತಿರುಗಿ ಯಂತ್ರದ ಕಡೆಗೆ ಹೋದಳು.

ಹೀಗೆ ವಾರಗಳು ಉರುಳಿದವು. ಮನೆಯಲ್ಲಿ ದಿನಕ್ಕೊಂದು ಜಗಳ. ಲಾಡ್ಜಿನ ಹಾಸು ತಡವಾಯಿತೆಂದು ಒಂದು ದಿನ, ಹರವಿದ ಹೊದಿಕೆ ಗಾಳಿಗೆ ಹಾರಿ ಚರಂಡಿಗೆ ಬಿತ್ತೆಂದು ಇನ್ನೊಂದು ದಿನ. ದೊರೆ ಕೆಲಸಕ್ಕೆ ನಿಂತರೂ ತಪ್ಪು, ಕೂತರೂ ತಪ್ಪು. ಸೊಸೆ ಅತ್ತೆಯೊಡನೆ ಜಗಳವಾಡುವುದನ್ನು ಬಿಟ್ಟಿದ್ದಳು; ಗಂಡನ ಪರವಾಗಿ ಅವಳ ಬಾಯಿ ಏಳುತ್ತಿರಲಿಲ್ಲ, ವಿರುದ್ಧವಾಗಿಯೂ ಏಳುತ್ತಿರಲಿಲ್ಲ. ಮುದುಕ ಒಬ್ಬನೇ ಮಗನ ಪಕ್ಕ ಕೂತು, ತನಗೆ ಆಗದ ವ್ಯಾಯಾಮವನ್ನು ಅವನಿಗೆ ನೆನಪಿಸುತ್ತಿದ್ದ. “ಡಾಕ್ಟ್ರು ಹೇಳಿದ್ದು ಮಾಡಿದೆಯೇನೋ? ಕತ್ತು ತಿರುಗಿಸು. ನಿನಗೆ ತಿರುಗುತ್ತೆ, ತಿರುಗಿಸು” ಎನ್ನುವನು. ದೊರೆ ಸಿಡುಕುವನು.

ಆಮೇಲೆ ನೋವು ನಿಜವಾಗಿಯೂ ಏರತೊಡಗಿತು. ಮೊದಲಿನ ಹಾಗೆ ಗೋಡೆ ಹಿಡಿದು ಏಳುವುದು, ಬಚ್ಚಲಿಗೆ ಚಿಕ್ಕ ಹೆಜ್ಜೆ. ಸೊಸೆ ಅವನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದಳು. ಮೂರನೆಯ ಸ್ಕ್ಯಾನು.

ಚಿತ್ರ ಕೈಗೆ ಬಂದ ದಿನ ಡಾಕ್ಟರು ಊರಲ್ಲಿರಲಿಲ್ಲ. ಮುಂದಿನ ವಾರ ಬನ್ನಿ ಎಂದರು ಆಸ್ಪತ್ರೆಯವರು. ಆದರೆ ದೊರೆಗೆ ಈಗ ಚಿತ್ರ ಓದುವುದು ಬರುತ್ತಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲೇ ಲಕೋಟೆಯಿಂದ ಫಿಲ್ಮನ್ನು ಹೊರಗೆಳೆದು, ಕಿಟಕಿಯ ಬೆಳಕಿಗೆ ಹಿಡಿದ.

“ನೋಡು! ನೋಡೇ ಇಲ್ಲಿ! ಬೆಳ್ಳಗಿದೆ! ಇಲ್ಲೂ ಇದೆ, ಈ ಮೂಲೇಲೂ ಇದೆ. ನಾನು ಸುಳ್ಳು ಹೇಳ್ತಿದ್ದೀನಾ? ಈಗ ಹೇಳು, ಸುಳ್ಳು ಹೇಳ್ತಿದ್ದೀನಾ?”

ಅಕ್ಕಪಕ್ಕದವರು ತಿರುಗಿ ನೋಡಿದರು. ಸೊಸೆ ಫಿಲ್ಮನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು. ಲಾಟರಿ ಹೊಡೆದವನ ಮುಖ. ಕಾಯಿಲೆ ಮರಳಿತೆಂದು ಇಷ್ಟೊಂದು ಹಿಗ್ಗುವುದುಂಟೇ?

ಮನೆಯಲ್ಲಿ ಮತ್ತೆ ಮೊಟ್ಟೆ ಬೆಂದಿತು. ಯಜಮಾನಿ ಮಗನ ತಟ್ಟೆಗೆ ಎರಡು ಮೊಟ್ಟೆ ಹಾಕಿ, ಸೊಸೆಯ ಕಡೆ ತಿರುಗಿದಳು.

“ಆರಿದ ಬೆಂಕಿಗೆ ಗಾಳಿ ಹಾಕಿದವಳು ನೀನು. ಸುಸ್ತು, ಸುಸ್ತು ಅಂತ ಗೊಣಗಿ ಗೊಣಗಿ ಅವನ ತಲೆ ಮೇಲೆ ಬುಟ್ಟಿ ಹೊರಿಸಿದೆ.”

“ನಾನು ಹೊರಿಸಿದ್ನಾ? ಬೆಳಿಗ್ಗೆ ಎದ್ದು ಬಕೆಟ್ಟು ಕುಕ್ಕಿದ್ದು ಯಾರು?”

“ನಾನು ತಾಯಿ, ಬಯ್ತೀನಿ. ನೀನು ಹೆಂಡತಿ, ಕೈ ಹಿಡಿದವಳು ಕಾಯಬೇಕು.”

ಸೊಸೆ ಗಂಡನ ಮುಖ ನೋಡಿದಳು. ಅವನು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ತಂಗಿಯೇ ಕೊನೆಗೆ, “ಅಮ್ಮಾ, ಸಾಕು, ಅತ್ತಿಗೆ ಕೈ ನೋಡು ಒಂದ್ಸಲ” ಎಂದಳು. ಯಜಮಾನಿ ನೋಡಲಿಲ್ಲ.

ಮರುದಿನ ಸೊಸೆ ಒಣಗಿದ ಹಾಸುಗಳನ್ನು ಇಸ್ತ್ರಿಯ ಮೇಜಿನ ಬಳಿ ತಂದು ಸುರಿದಾಗ ಮುದುಕ ಅವಳನ್ನು ಹತ್ತಿರ ಕರೆದ. ಮಡಚಿಟ್ಟ ದಿಂಬಿನ ಚೀಲದೊಳಗೆ ಕೈ ಹಾಕಿ ಒಂದು ಪೆನ್ನು ತೆಗೆದ. ಸೂಜಿಯ ಮುಚ್ಚಳ ಹಾಗೇ ಇತ್ತು. ಪಕ್ಕದ ಸಣ್ಣ ಕಿಂಡಿಯಲ್ಲಿ ಔಷಧಿ ತುಂಬಿಕೊಂಡೇ ಇತ್ತು.

“ಬಾಯ್ಲರ್ ಹಿಂದೆ, ಕಸದ ಡಬ್ಬೀಲಿ ಸಿಕ್ತು ತಾಯಿ. ಇದೇ ಮೊದಲಲ್ಲ. ಹಿಂದೆ ಒಂದು ನೋಡಿದ್ದೆ, ಖಾಲಿ ಇರಬೇಕು ಅಂದ್ಕೊಂಡೆ. ನಿಮ್ಮೆಲ್ಲರ ಕಣ್ಣು ಮೇಲಿರುತ್ತೆ. ನನ್ನ ಕಣ್ಣಿಗೆ ನೆಲದಲ್ಲಿರೋದು ಮಾತ್ರ ಬೀಳುತ್ತೆ.”

ಅವಳು ಪೆನ್ನಿನ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನನ್ನ ಕಾಲದಲ್ಲಿ ಇದು ಇರಲಿಲ್ಲ” ಎಂದ ಮುದುಕ. “ಇದ್ದಿದ್ರೆ ನಾನು ಭಿಕ್ಷೆ ಬೇಡಿಯಾದ್ರೂ ಚುಚ್ಚಿಸ್ಕೋತಿದ್ದೆ. ಒಂದು ಸಲ ಆಕಾಶ ನೋಡೋಕೆ. ಆ ಮುಠ್ಠಾಳ ಇದನ್ನ ಕಸಕ್ಕೆ ಹಾಕಿದ್ದಾನೆ.”

ಅವಳು ಮಹಡಿಗೆ ಹೋದಳು. ದೊರೆ ತಂತಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಸುತ್ತ ನರ್ಸಿಂಗ್ ಹೋಮಿನ ಹಾಸುಗಳು ಹಾರಾಡುತ್ತಿದ್ದವು. ಅವಳು ಪೆನ್ನನ್ನು ಅವನ ಮಡಿಲಿಗೆ ಹಾಕಿದಳು.

ಅವನು ಅದನ್ನು ನೋಡಿ, ಆಚೆ ನೋಡಿದ.

“ಎಷ್ಟು?” ಎಂದಳು.

“ನೀನು ಹಾಕೋದು ಬಿಟ್ಟ ಮೇಲೆ… ಒಂದೂ ಹಾಕ್ಕೊಂಡಿಲ್ಲ.”

“ಯಾಕೆ?”

“ಮೊದಲ್ನೇದು ಸಿಟ್ಟಿಗೆ ಬಿಸಾಕಿದೆ. ಬೆಂಕಿ ಆರಿದೆಯಲ್ಲ, ಇನ್ಯಾಕೆ ಸೂಜಿ ಅಂತ. ಆಮೇಲೆ ನೋವು ಏರ್ತಾ ಬಂತು. ಏರಲಿ ಅನ್ನಿಸ್ತು. ಚಿತ್ರದಲ್ಲಿ ಬಂದ್ರೆ ನೀನು ಮೊದಲಿನ ಹಾಗೆ…” ಅವನು ಪೆನ್ನನ್ನು ಮಡಿಲಲ್ಲಿ ಉರುಳಿಸಿದ. “ನಿನಗೆ ಅರ್ಥ ಆಗಲ್ಲ. ಇಡೀ ಮನೆ ನಂಬದೇ ಇದ್ದಾಗ ಬದುಕಿದ್ದೆ. ನೀನು ನಂಬದೇ ಇದ್ದಾಗ ಆಗಲಿಲ್ಲ.”

“ನಾನು ನಂಬಲ್ಲ ಅಂತ ಒಂದು ಸಲವಾದ್ರೂ ಹೇಳಿದ್ನಾ?”

“ಹೇಳಬೇಕಾ?”

“ನಿನ್ನೆ ನಿಮ್ಮಮ್ಮ ನನ್ನ ಮುಖಕ್ಕೆ ಮಸಿ ಬಳಿದ್ರು. ನೀವು ಮೊಟ್ಟೆ ಸುಲೀತಾ ಕೂತಿದ್ರಿ. ಈ ಪೆನ್ನು ಕಸದಲ್ಲಿದೆ ಅಂತ ಗೊತ್ತಿದ್ದೂ ಕೂತಿದ್ರಿ.”

ಅವನು ತಲೆ ತಗ್ಗಿಸಿದ. “ಡಾಕ್ಟ್ರಿಗೆ ನಾನೇ ಹೇಳ್ತೀನಿ. ಮನೇಲಿ ಮಾತ್ರ ಹೇಳಬೇಡ. ಕೈ ಮುಗೀತೀನಿ.”

ಅವಳು ಒಣಗಿದ ಹಾಸುಗಳನ್ನು ತಂತಿಯಿಂದ ಎಳೆದೆಳೆದು ಬುಟ್ಟಿಗೆ ತುಂಬಿ ಇಳಿದು ಹೋದಳು.

ಮುಂದಿನ ವಾರ ಡಾಕ್ಟರು ಮೂರೂ ಚಿತ್ರಗಳನ್ನು ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದಳು.

“ಇದು ವಿಚಿತ್ರ. ಅಷ್ಟು ಚೆನ್ನಾಗಿ ಹಿಡಿದ ಔಷಧಿ ಇಷ್ಟು ಬೇಗ ಕೈ ಕೊಡಬಾರದು. ಸೂಜಿ ಒಂದೂ ತಪ್ಪಿಲ್ಲ ತಾನೆ?”

ಸೊಸೆ ಗಂಡನ ಕಡೆ ನೋಡಿದಳು.

“ಇಲ್ಲ ಡಾಕ್ಟ್ರೇ” ಎಂದ ದೊರೆ.

“ಹಾಗಿದ್ರೆ ಈ ಔಷಧಿ ಸೋತಿದೆ ಅಂತ ಬರೀಬೇಕಾಗುತ್ತೆ. ಬರೆದ ಮೇಲೆ ಯೋಜನೆಯಲ್ಲಿ ಇದು ಮತ್ತೆ ಸಿಗಲ್ಲ. ಇನ್ನೊಂದಕ್ಕೆ ಅರ್ಜಿ ಹಾಕಬೇಕು. ಸಿಗಬಹುದು, ಸಿಗದೇ ಇರಬಹುದು. ಅಲ್ಲೀವರೆಗೆ ಮಾತ್ರೆ ಕೊಟ್ಟಿರ್ತೀನಿ.” ಅವಳು ಕೀಲಿಮಣೆಯ ಮೇಲೆ ಕೈಯಿಟ್ಟಳು.

ದೊರೆ ಪರದೆಯನ್ನೇ ದಿಟ್ಟಿಸುತ್ತಿದ್ದ. ಸೊಸೆ ಕಾದಳು. ಡಾಕ್ಟರು ಒಂದು ಸಾಲು ಬರೆದಳು, ಎರಡನೆಯದನ್ನು ಶುರು ಮಾಡಿದಳು.

“ಬರೀಬೇಡಿ” ಎಂದಳು ಸೊಸೆ. “ಇವರು ಸೂಜಿ ಹಾಕ್ಕೊಂಡೇ ಇಲ್ಲ. ಕಸಕ್ಕೆ ಬಿಸಾಕಿದ್ದಾರೆ. ಎಲ್ಲಾನೂ.”

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ದೊರೆಯನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡರೆ ಬಯ್ಯಲಿಲ್ಲ. ತೀರ ದಣಿದ ದನಿಯಲ್ಲಿ ಹೇಳಿದಳು:

“ಹೊರಗೆ ಬೆಂಚಿನ ಮೇಲೆ ಕೂತಿರೋರಲ್ಲಿ ಎಷ್ಟೋ ಜನ ಇದಕ್ಕೆ ಹೆಸರು ಬರೆಸಿ ಕಾಯ್ತಿದ್ದಾರೆ. ನಾನು ಇದನ್ನೇ ಮುಂದುವರಿಸ್ತೀನಿ. ಆದ್ರೆ ನಡುವೆ ಬಿಟ್ಟ ಔಷಧಿ ಮತ್ತೆ ಮೊದಲಿನ ಹಾಗೇ ಹಿಡಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ಕೆಲವರಿಗೆ ಹಿಡಿಯುತ್ತೆ. ಕೆಲವರಿಗೆ ಮೈಯೇ ಅದನ್ನ ಒದ್ದು ಹಾಕೋಕೆ ಕಲಿತಿರುತ್ತೆ.”

ಬಸ್ ಸ್ಟಾಪಿನಲ್ಲಿ ದೊರೆ, “ಡಾಕ್ಟ್ರ ಮುಂದೆ ನನ್ನ ಮರ್ಯಾದೆ ಕಳೆದೆ” ಎಂದ.

“ನಿಮ್ಮ ಮರ್ಯಾದೆ ಹೋಯ್ತು, ಔಷಧಿ ಉಳೀತು. ಲೆಕ್ಕ ನೀವೇ ಹಾಕ್ಕೊಳ್ಳಿ.”

ಮನೆಗೆ ಬಂದಾಗ ಯಜಮಾನಿ ಕೌಂಟರಿನಿಂದಲೇ ಕೂಗಿದಳು. “ಏನಂದ್ರೋ ಡಾಕ್ಟ್ರು?”

“ಅದೇ ಔಷಧಿ ಮುಂದುವರಿಸ್ತಾರಂತೆ” ಎಂದ ದೊರೆ.

“ಅಷ್ಟೇನಾ?”

“ಅಷ್ಟೇ.”

“ಇನ್ನಾದ್ರೂ ಇವಳು ನಿನ್ನನ್ನ ನಿನ್ನ ಪಾಡಿಗೆ ಬಿಡಲಿ.”

ಒಳಗಿನಿಂದ ಮುದುಕ ಗೋಡೆ ಹಿಡಿದುಕೊಂಡು ಬಂದ. “ಅವಳನ್ನ ಅನ್ನಬೇಡ. ಸೂಜಿ ಕಸಕ್ಕೆ ಹಾಕಿದ್ದು ಇವನೇ. ಡಬ್ಬೀಲಿ ಬಿದ್ದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.”

“ನೀವು ಸುಮ್ನಿರಿ. ನಿಮಗೇನು ಕಾಣುತ್ತೆ?” ಎಂದು ಯಜಮಾನಿ ಗದರಿ, ಮಗನ ಕಡೆ ತಿರುಗಿದಳು. “ಏನೋ ಇದು, ನಿಮ್ಮಪ್ಪ ಹೇಳ್ತಿರೋದು?”

ದೊರೆ ಚಪ್ಪಲಿ ಬಿಡುತ್ತಿದ್ದ. ಬಗ್ಗಲಾರದೆ ಕಾಲಿನಿಂದ ಕಾಲಿಗೆ ಉಜ್ಜಿ ಬಿಡುತ್ತಿದ್ದ. ತಾಯಿಯನ್ನೂ ನೋಡಲಿಲ್ಲ, ತಂದೆಯನ್ನೂ ನೋಡಲಿಲ್ಲ.

“ಅಪ್ಪಂಗೆ ವಯಸ್ಸಾಯ್ತು” ಎಂದ.

ಮುದುಕ ಇಡೀ ಮೈ ತಿರುಗಿಸಿಕೊಂಡು ಒಳಗೆ ಹೋದ. ಸೊಸೆ ಕೈಚೀಲವನ್ನು ಮೊಳೆಗೆ ನೇತುಹಾಕಿ, ಕೌಂಟರಿನ ಒಳಗೆ ಬಂದು ನಿಂತಳು.

“ಅತ್ತೆ, ನಾಳೆಯಿಂದ ಒದ್ದೆ ಹಾಸು ನಾನು ಎತ್ತಲ್ಲ. ಆಳು ಇಡಿ. ಇಲ್ಲ ನೀವೇ ಎತ್ತಿ. ಕೌಂಟರು ನನ್ನದು.”

ಸೊಸೆಯ ಮುಖದಲ್ಲಿ ಏನು ಕಂಡಳೋ, ಯಜಮಾನಿ ಸ್ಟೂಲಿನಿಂದ ಎದ್ದಳು.

ಆಳು ಬಂದ. ಮನೆ ಮೇಲ್ನೋಟಕ್ಕೆ ತಹಬದಿಗೆ ಬಂತು. ಸೂಜಿಯ ದಿನ ಸೊಸೆಯೇ ಪೆನ್ನು ಹಿಡಿದು ಬಂದು, ಚುಚ್ಚಿ, ಕಿಂಡಿ ಖಾಲಿಯಾಗುವವರೆಗೆ ಕಣ್ಣಿಟ್ಟು ನೋಡಿ, ಎದ್ದು ಹೋಗುತ್ತಿದ್ದಳು. ದೊರೆ ಮುಖ ಅತ್ತ ತಿರುಗಿಸಿಕೊಂಡಿರುತ್ತಿದ್ದ. ಇರುವೆಯ ಮಾತನ್ನು ಯಾರೂ ಆಡಲಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಬಿಳುಪು ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಸೊಂಟದ ಕೀಲಿನ ಒಂದು ಕಡೆ ಮೂಳೆ ಬೆಸೆದುಕೊಳ್ಳಲು ಶುರುವಾಗಿರಬಹುದು ಎಂದು ಡಾಕ್ಟರು ಬೆರಳಿಟ್ಟು ತೋರಿಸಿದಳು. ಕಾದು ನೋಡೋಣ, ಇನ್ನೊಂದು ಚಿತ್ರದ ಹೊತ್ತಿಗೆ ತಿಳಿಯುತ್ತದೆ ಎಂದಳು.

ಒಂದು ಬೆಳಿಗ್ಗೆ ಸೊಸೆ ಹಾಸಿಗೆ ಮಡಚುತ್ತಿದ್ದಳು. ದೊರೆ ಇನ್ನೂ ಅಂಚಿನಲ್ಲಿ ಕೂತಿದ್ದ. ಎರಡೂ ಕೈಯನ್ನು ಮಂಡಿಗೆ ಊರಿಕೊಂಡು, ಹಲ್ಲು ಕಚ್ಚಿಕೊಂಡಿದ್ದ. ಹಣೆಯಲ್ಲಿ ಬೆವರಿತ್ತು.

“ಇವತ್ತು ನಿಜವಾಗ್ಲೂ ಜಾಸ್ತಿ ಇದೆ ಕಣೇ” ಎಂದ ಮೆಲ್ಲಗೆ.

ಅವಳು ಕೈಯಲ್ಲಿದ್ದ ಹೊದಿಕೆ ಹಿಡಿದುಕೊಂಡೇ ಅವನ ಮುಖ ನೋಡಿದಳು. ಒಂದು ಕಾಲದಲ್ಲಿ ಅವನು ಬಚ್ಚಲಿಗೆ ಹೋಗುವ ಹೆಜ್ಜೆಯ ಸದ್ದಿನಲ್ಲೇ ಅವಳಿಗೆ ಅಂದಿನ ನೋವು ಎಷ್ಟೆಂದು ತಿಳಿಯುತ್ತಿತ್ತು. ಈಗ ಹಣೆಯ ಬೆವರನ್ನು ನೋಡಿದಳು, ಬಿಗಿದ ದವಡೆಯನ್ನು ನೋಡಿದಳು, ಕಣ್ಣನ್ನು ನೋಡಿದಳು. ಎಷ್ಟು ನೋಡಿದರೂ ಏನೂ ತಿಳಿಯಲಿಲ್ಲ.

“ಮುಂದಿನ ಸ್ಕ್ಯಾನ್ ಯಾವಾಗ?” ಎಂದು ಕೇಳಿದಳು.